ಹಿಮದ ಚಾರಣಕ್ಕೆ ಯಾವ ಕನ್ನಡಕ? ಮಿತ ಬಜೆಟ್ಟಿನ ಆಯ್ಕೆಗಳ ಹೋಲಿಕೆ

ಡಿಸೆಂಬರ್ ಹತ್ತಿರವಾದಂತೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ಉತ್ತರಾಖಂಡದ ಕೇದಾರಕಂಠ, ಬ್ರಹ್ಮತಾಲ್, ಕುವಾರಿ ಪಾಸ್‌ಗಳ ಕಡೆಗೆ ಹೊರಡುವ ಚಾರಣಿಗರ ತಯಾರಿ ಶುರುವಾಗುತ್ತದೆ. ಔಲಿ, ಗುಲ್ಮಾರ್ಗ್‌ಗಳಲ್ಲಿ ಸ್ಕೀಯಿಂಗ್ ಕಲಿಯಲು ಹೋಗುವವರಿದ್ದಾರೆ. ಮನಾಲಿಯ ಬಳಿಯ ಸೋಲಂಗ್ ಕಣಿವೆಗೆ ಮಕ್ಕಳನ್ನು ಕರೆದುಕೊಂಡು ಹೋಗುವ ಕುಟುಂಬಗಳೂ ಇವೆ. ಜಾಕೆಟ್ಟು, ಬೂಟು, ಥರ್ಮಲ್‌ಗಳ ಬಗ್ಗೆ ಹತ್ತು ಜನರನ್ನು ಕೇಳಿ ತಿಳಿದುಕೊಳ್ಳುವ ಇವರ ಸಾಮಾನಿನ ಪಟ್ಟಿಯಲ್ಲಿ ಕಣ್ಣಿನ ರಕ್ಷಣೆಗೆ ಸಾಮಾನ್ಯವಾಗಿ ‘ಸನ್‌ಗ್ಲಾಸ್ – 1’ ಎಂಬ ಒಂದೇ ಸಾಲು ಇರುತ್ತದೆ. ಅಂಗಡಿಗೆ ಹೋದಾಗ ಆ ಒಂದು ಸಾಲು ಹಲವು ಪ್ರಶ್ನೆಗಳಾಗಿ ಒಡೆಯುತ್ತದೆ. ಈಗಾಗಲೇ ಮನೆಯಲ್ಲಿರುವ ಕೂಲಿಂಗ್ ಗ್ಲಾಸ್ ಸಾಕೇ, ಸ್ಕೀ ಗಾಗಲ್ಸ್ ಬೇಕೇ ಬೇಕೇ, ಪೋಲರೈಸ್ಡ್ ಎಂದು ಹೆಚ್ಚು ಹಣ ಕೇಳುವುದರಲ್ಲಿ ಅರ್ಥವಿದೆಯೇ, ಪವರ್ ಇರುವ ಕನ್ನಡಕ ಹಾಕುವವರು ಏನು ಮಾಡಬೇಕು?

ಈ ಪ್ರಶ್ನೆಗಳಿಗೆ ಎಲ್ಲರಿಗೂ ಹೊಂದುವ ಒಂದೇ ಉತ್ತರವಿಲ್ಲ. ಆದರೆ ಹಿಮದ ಮೇಲೆ ಕಣ್ಣಿಗೆ ನಿಜವಾಗಿ ಏನಾಗುತ್ತದೆ ಎಂಬುದನ್ನು ತಿಳಿದುಕೊಂಡರೆ ಯಾವುದಕ್ಕೆ ಹಣ ಕೊಡಬೇಕು, ಯಾವುದಕ್ಕೆ ಕೊಡಬೇಕಾಗಿಲ್ಲ ಎಂಬುದು ಬಹುಪಾಲು ತಾನಾಗಿಯೇ ತೀರ್ಮಾನವಾಗುತ್ತದೆ.

ಹಿಮದ ಬೆಳಕು ಬೇರೆಯೇ

ನಮ್ಮೂರಿನ ಬಿಸಿಲು ಮೇಲಿನಿಂದ ಬೀಳುತ್ತದೆ. ಹುಲ್ಲು, ಮಣ್ಣುಗಳು ತಮ್ಮ ಮೇಲೆ ಬಿದ್ದ ನೇರಳಾತೀತ ಕಿರಣಗಳಲ್ಲಿ ಶೇ 10ಕ್ಕಿಂತ ಕಡಿಮೆ ಭಾಗವನ್ನು ಮಾತ್ರ ಹಿಂದಿರುಗಿಸುತ್ತವೆ. ಹೊಸದಾಗಿ ಬಿದ್ದ ಹಿಮವಾದರೋ ಶೇ 80ರಷ್ಟನ್ನು ಪ್ರತಿಫಲಿಸಬಲ್ಲದು. ಇದರ ಜೊತೆಗೆ, ಎತ್ತರ ಪ್ರತಿ 1,000 ಮೀಟರ್ ಏರಿದಂತೆ ನೇರಳಾತೀತ ಕಿರಣಗಳ ಪ್ರಮಾಣ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಕೇದಾರಕಂಠದ ಚಾರಣ ಆರಂಭವಾಗುವ ಸಾಂಕ್ರಿ ಗ್ರಾಮವೇ ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯ ಎತ್ತರದಲ್ಲಿದೆ. ಶಿಖರ ಅದರ ಇಮ್ಮಡಿ, ಅಂದರೆ ಸುಮಾರು 3,800 ಮೀಟರ್ ಎತ್ತರದಲ್ಲಿದೆ. ಹೀಗೆ ಮೇಲಿನಿಂದ ಬರುವ ಕಿರಣಗಳು ಪ್ರಬಲವಾಗುವುದರ ಜೊತೆಗೆ ಅವುಗಳ ಬಹುಭಾಗ ಕೆಳಗಿನಿಂದಲೂ ಪಕ್ಕದಿಂದಲೂ ಮರಳಿ ಮುಖಕ್ಕೆ ಬರುತ್ತದೆ. ಹುಬ್ಬು, ರೆಪ್ಪೆ, ಟೋಪಿಯ ಅಂಚು ಇವೆಲ್ಲ ಮೇಲಿನ ಬೆಳಕನ್ನು ತಡೆಯಲು ಇರುವಂಥವು. ಕೆಳಗಿನಿಂದ ಬರುವ ಬೆಳಕಿನೆದುರು ಅವು ಹೆಚ್ಚು ಕೆಲಸಕ್ಕೆ ಬರುವುದಿಲ್ಲ.

ಇದರ ಪರಿಣಾಮವೇ ಹಿಮಕುರುಡು. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಮೇಲ್ಮೈ ನೇರಳಾತೀತ ಕಿರಣಗಳಿಂದ ಸುಟ್ಟಂತಾಗುವುದನ್ನು ಹೀಗೆ ಕರೆಯುತ್ತಾರೆ. ಅದು ತಕ್ಷಣ ತಿಳಿಯುವುದಿಲ್ಲ ಎಂಬುದೇ ಇದರಲ್ಲಿರುವ ದೊಡ್ಡ ತೊಂದರೆ. ಹಗಲೆಲ್ಲ ಆರಾಮವಾಗಿ ನಡೆದವರಿಗೆ ಸಾಮಾನ್ಯವಾಗಿ 6ರಿಂದ 12 ಗಂಟೆಗಳ ನಂತರ, ಅಂದರೆ ಸಂಜೆ ಟೆಂಟಿನೊಳಗೆ ಸೇರಿದ ಮೇಲೆ, ಕಣ್ಣಿಗೆ ಮರಳು ಬಿದ್ದಂತೆ ಚುಚ್ಚುವುದು, ನೀರು ಸುರಿಯುವುದು, ಬೆಳಕು ನೋಡಲಾಗದಿರುವುದು ಶುರುವಾಗುತ್ತದೆ. ಆದ್ದರಿಂದ ‘ಕಣ್ಣು ಉರಿದರೆ ಆಗ ಹಾಕಿಕೊಳ್ಳೋಣ’ ಎನ್ನುವುದು ಕೆಲಸ ಮಾಡದ ಯೋಜನೆ. ತೆಳು ಮೋಡವಿದ್ದರೂ ಶೇ 80ರವರೆಗೆ ನೇರಳಾತೀತ ಕಿರಣಗಳು ಅದನ್ನು ದಾಟಿ ಬರಬಲ್ಲವಾದ್ದರಿಂದ ಬಿಸಿಲಿಲ್ಲದ ದಿನವೂ ರಜೆಯ ದಿನವಲ್ಲ.

ಅಳೆಯುವುದು ಯಾವುದರಿಂದ

ಮೊದಲ ಮಾನದಂಡ ನೇರಳಾತೀತ ಕಿರಣಗಳ ತಡೆ. ‘ಯುವಿ 400’ (ಯುವಿ ಎಂದರೆ ನೇರಳಾತೀತ) ಎಂಬ ಗುರುತಿಗೆ 400 ನ್ಯಾನೋಮೀಟರ್‌ವರೆಗಿನ ತರಂಗಾಂತರದ ಕಿರಣಗಳನ್ನು ಲೆನ್ಸ್ ತಡೆಯುತ್ತದೆ ಎಂದು ಅರ್ಥ. ಇದರಲ್ಲಿ ರಾಜಿಗೆ ಜಾಗವಿಲ್ಲ. ಲೆನ್ಸಿನ ಕಪ್ಪುಬಣ್ಣಕ್ಕೂ ಈ ತಡೆಗೂ ಸಂಬಂಧವಿಲ್ಲ ಎಂಬುದನ್ನು ಗಟ್ಟಿಯಾಗಿ ನೆನಪಿಡಬೇಕು. ಒಳ್ಳೆಯ ಪಾರದರ್ಶಕ ಲೆನ್ಸ್ ಕೂಡ ಅಷ್ಟೂ ಕಿರಣಗಳನ್ನು ತಡೆಯಬಲ್ಲದು. ಕಡುಕಪ್ಪಾದ ಕೆಟ್ಟ ಲೆನ್ಸ್ ಅವನ್ನು ಒಳಗೆ ಬಿಡಬಲ್ಲದು. ಎರಡನೆಯದು ಬರಿಗಣ್ಣಿಗಿಂತಲೂ ಅಪಾಯಕಾರಿಯಾಗಬಹುದು, ಏಕೆಂದರೆ ಕತ್ತಲಾಯಿತೆಂದು ಕಣ್ಣಿನ ಪಾಪೆ ಹಿಗ್ಗಿ, ಕಣ್ಣು ಕಿರಿದು ಮಾಡಿಕೊಳ್ಳುವ ಸಹಜ ಪ್ರವೃತ್ತಿಯೂ ನಿಂತು, ತಡೆಯದ ಕಿರಣಗಳಿಗೆ ಬಾಗಿಲು ಇನ್ನಷ್ಟು ಅಗಲವಾಗಿ ತೆರೆದಂತಾಗುತ್ತದೆ.

ಎರಡನೆಯದು ಬೆಳಕಿನ ಪ್ರಮಾಣ. ಕನ್ನಡಕದ ಕಡ್ಡಿಯ ಒಳಬದಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಅಳತೆಯ ಅಂಕಿಗಳ ಪಕ್ಕದಲ್ಲಿ ‘ಕ್ಯಾಟಗರಿ 3’ ಎಂದೋ ಬರಿ ‘3’ ಎಂದೋ ಸಣ್ಣಕ್ಷರದಲ್ಲಿ ಅಚ್ಚಾಗಿರುವುದು ಕಾಣಿಸುತ್ತದೆ. ಈ ವರ್ಗೀಕರಣ 0ಯಿಂದ 4ರವರೆಗೆ ಇದೆ. 2ನೇ ವರ್ಗದ ಲೆನ್ಸ್ ಶೇ 18ರಿಂದ 43ರಷ್ಟು ಬೆಳಕನ್ನು ಒಳಗೆ ಬಿಡುತ್ತದೆ, 3ನೆಯದು ಶೇ 8ರಿಂದ 18ರಷ್ಟನ್ನು, 4ನೆಯದು ಶೇ 3ರಿಂದ 8ರಷ್ಟನ್ನು ಮಾತ್ರ. ಹಿಮದ ಮೇಲೆ ಬಿಸಿಲಿನ ದಿನಕ್ಕೆ 3 ಕನಿಷ್ಠ. 4 ಇನ್ನೂ ಹಿತವಾದರೂ ಅದನ್ನು ಹಾಕಿಕೊಂಡು ವಾಹನ ಓಡಿಸಬಾರದು, ಕಾಡಿನ ನೆರಳಿನಲ್ಲಿ ನಡೆಯುವುದೂ ಕಷ್ಟ. ಕೆನಡಾದಲ್ಲೋ ಅಮೆರಿಕದ ಉತ್ತರದ ರಾಜ್ಯಗಳಲ್ಲೋ ಇದ್ದು ಚಳಿಗಾಲದಲ್ಲಿ ಕಾರು ಓಡಿಸಿಕೊಂಡು ಸ್ಕೀ ತಾಣಗಳಿಗೆ ಹೋಗುವ ಕನ್ನಡಿಗರು ಈ ಕಾರಣಕ್ಕಾಗಿಯೇ ದಾರಿಗೊಂದು, ಹಿಮಕ್ಕೊಂದು ಇಟ್ಟುಕೊಳ್ಳುವುದು ಒಳ್ಳೆಯದು.

ಮೂರನೆಯದು ಮುಚ್ಚುವಿಕೆ. ಅಂಗಡಿಯಲ್ಲಿ ಯಾರೂ ಹೇಳದ, ನನ್ನ ದೃಷ್ಟಿಯಲ್ಲಿ ಯುವಿ ತಡೆಯ ನಂತರ ಅತಿ ಮುಖ್ಯವಾದ ಅಂಶವಿದು. ಕನ್ನಡಕ ಹಾಕಿಕೊಂಡು ಕನ್ನಡಿಯ ಮುಂದೆ ನಿಂತು ತಲೆಯನ್ನು ಸ್ವಲ್ಪ ಮೇಲೆತ್ತಿ. ಕೆನ್ನೆಗೂ ಚೌಕಟ್ಟಿನ ಕೆಳ ಅಂಚಿಗೂ ನಡುವೆ ಬೆರಳು ತೂರುವಷ್ಟು ಸಂದಿ ಇದ್ದರೆ ಹಿಮದಿಂದ ಮೇಲೇಳುವ ಬೆಳಕು ಅಲ್ಲಿಂದಲೇ ಬರುತ್ತದೆ. ಪಕ್ಕಕ್ಕೂ ಇದೇ ಪರೀಕ್ಷೆ ಮಾಡಬೇಕು. ಚಪ್ಪಟೆ ಲೆನ್ಸಿನ ಫ್ಯಾಷನ್ ಕನ್ನಡಕಗಳು ಎಷ್ಟೇ ದುಬಾರಿಯಾಗಿದ್ದರೂ ಹೆಚ್ಚಿನವು ಇಲ್ಲಿ ಸೋಲುತ್ತವೆ. ಮುಖದ ಸುತ್ತ ಬಾಗಿದ ಅಗ್ಗದ ಸ್ಪೋರ್ಟ್ಸ್ ಕನ್ನಡಕ ಗೆಲ್ಲುತ್ತದೆ.

ಉಳಿದಂತೆ ಹಬೆ ಕಟ್ಟುವಿಕೆ, ಕೆಳಗೆ ಬಿದ್ದರೆ ತಡೆಯುವ ಗಟ್ಟಿತನ, ಉಣ್ಣೆ ಟೋಪಿಯ ಜೊತೆ ಹೊಂದಿಕೆ, ತೂಕ ಮತ್ತು ಬೆಲೆ.

ರಸ್ತೆಬದಿಯ ಕೂಲಿಂಗ್ ಗ್ಲಾಸ್ ಮತ್ತು ಅದೇ ಹಣದ ಇನ್ನೊಂದು ದಾರಿ

150–300 ರೂಪಾಯಿಗೆ ಸಿಗುವ ಕೂಲಿಂಗ್ ಗ್ಲಾಸ್‌ಗಳೆಲ್ಲ ಅಪಾಯಕಾರಿ ಎಂದು ಹೇಳುವುದು ನ್ಯಾಯವಲ್ಲ. ಪಾಲಿಕಾರ್ಬನೇಟ್‌ನಿಂದ ಮಾಡಿದ ಲೆನ್ಸು ತನ್ನ ಗುಣದಿಂದಲೇ ನೇರಳಾತೀತ ಕಿರಣಗಳ ಬಹುಪಾಲನ್ನು ತಡೆಯುತ್ತದೆ. ತೊಂದರೆ ಇರುವುದು ಕೈಯಲ್ಲಿರುವ ಲೆನ್ಸು ಯಾವುದರಿಂದ ಆಗಿದೆ ಎಂಬುದು ಮಾರುವವರಿಗೂ ಕೊಳ್ಳುವವರಿಗೂ ತಿಳಿಯದಿರುವುದರಲ್ಲಿ. ‘ಯುವಿ 400’ ಎಂಬ ಚೀಟಿಯನ್ನು ಯಾರು ಬೇಕಾದರೂ ಅಂಟಿಸಬಹುದು. ಊರಿನ ಬಿಸಿಲಿನಲ್ಲಿ ಅರ್ಧ ಗಂಟೆ ಹಾಕಿಕೊಳ್ಳುವುದು ಬೇರೆ, ಹಿಮದ ಇಳಿಜಾರಿನಲ್ಲಿ ಎಂಟು ಗಂಟೆ ಅದನ್ನೇ ನಂಬುವುದು ಬೇರೆ. ಹಿಮಕ್ಕೆ ಇದನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಅಷ್ಟೇ ಹಣವಿದ್ದರೆ ಕನ್ನಡಕದ ಅಂಗಡಿಯ ಬದಲು ಕಾರ್ಖಾನೆಗಳಿಗೆ ಸುರಕ್ಷತಾ ಸಾಮಗ್ರಿ ಮಾರುವ ಅಂಗಡಿಗೆ ಹೋಗಿ. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ, ದೊಡ್ಡ ಹಾರ್ಡ್‌ವೇರ್ ಅಂಗಡಿಗಳಲ್ಲಿ, ಆನ್‌ಲೈನ್‌ನಲ್ಲಿಯೂ ಹೆಸರಾಂತ ತಯಾರಕರ ಹೊಗೆಬಣ್ಣದ ಸೇಫ್ಟಿ ಕನ್ನಡಕಗಳು ಸುಮಾರು 200ರಿಂದ 500 ರೂಪಾಯಿಯೊಳಗೆ ಸಿಗುತ್ತವೆ. ಇವುಗಳ ಲೆನ್ಸು ಸಾಮಾನ್ಯವಾಗಿ ಪಾಲಿಕಾರ್ಬನೇಟ್. ಕಲ್ಲಿನ ಚೂರು ಸಿಡಿದರೂ ಒಡೆಯದಂತೆ ರೂಪಿಸಿದ್ದು. ಆಕಾರ ಕಣ್ಣಿನ ಪಕ್ಕದವರೆಗೂ ಬಾಗಿರುತ್ತದೆ. ಯಾವ ಗುರುತು ನೋಡಬೇಕು ಎಂಬುದು ತಿಳಿದಿದ್ದರೆ ಇದು ಕಡಿಮೆ ಬಜೆಟ್ಟಿನ ಅತ್ಯುತ್ತಮ ಆಯ್ಕೆ. ಐರೋಪ್ಯ ಗುರುತಿರುವ ಲೆನ್ಸಿನ ಅಂಚಿನಲ್ಲಿ ‘5-3.1’ ಎಂದಿದ್ದರೆ ಅದು ಬಿಸಿಲಿಗಾಗಿ ಮಾಡಿದ ಶೋಧಕ ಎಂದೂ ಕಪ್ಪಿನ ಪ್ರಮಾಣ 3ನೇ ವರ್ಗಕ್ಕೆ ಸಮ ಎಂದೂ ಅರ್ಥ, ‘5-2.5’ ಇದ್ದರೆ ಸ್ವಲ್ಪ ತಿಳಿಯಾದದ್ದು. ಅಮೆರಿಕದ ‘ಝಡ್ 87’ ಗುರುತಿರುವವುಗಳಲ್ಲಿ ‘ಯು6’ ಎಂದಿದ್ದರೆ ನೇರಳಾತೀತ ತಡೆಯ ಅತಿ ಮೇಲಿನ ದರ್ಜೆ. ಬಣ್ಣವಿಲ್ಲದ ಅಥವಾ ಹಳದಿ ಲೆನ್ಸಿನ ಸೇಫ್ಟಿ ಕನ್ನಡಕ ಬಿಸಿಲಿಗೆ ಸಾಲದು ಎಂಬುದು ಗಮನದಲ್ಲಿರಲಿ.

ಕೊರತೆಗಳೂ ಇವೆ. ಮೂಗಿನ ಮೇಲೆ ಕೂರುವ ಭಾಗ ಗಟ್ಟಿ ಪ್ಲಾಸ್ಟಿಕ್ಕಿನದಾದ್ದರಿಂದ ದಿನವಿಡೀ ಹಾಕಿದರೆ ಒತ್ತುತ್ತದೆ, ಲೆನ್ಸಿನ ಮೇಲೆ ಬೇಗ ಗೀರು ಬೀಳುತ್ತದೆ, ಬೆವರಿದಾಗ ಹಬೆ ಕಟ್ಟುತ್ತದೆ. ಫೋಟೊದಲ್ಲಿ ಚೆಂದ ಕಾಣಬೇಕೆನ್ನುವವರಿಗೆ ಇದು ಒಗ್ಗದೆ ಹೋಗಬಹುದು. ಕಣ್ಣಿಗೆ ಮಾತ್ರ, ಪ್ರಸಿದ್ಧ ಬ್ರ್ಯಾಂಡಿನ ಚಪ್ಪಟೆ ಕನ್ನಡಕಕ್ಕಿಂತ ಇದೇ ಹೆಚ್ಚು ಸುರಕ್ಷಿತ.

3ನೇ ವರ್ಗದ ಸ್ಪೋರ್ಟ್ಸ್ ಕನ್ನಡಕ

ಡಿಸೆಂಬರ್–ಮಾರ್ಚ್ ನಡುವೆ ನಾಲ್ಕೈದು ದಿನಗಳ ಚಾರಣಕ್ಕೆ ಹೋಗುವ ಬಹುಪಾಲು ಜನರಿಗೆ ಸರಿಹೊಂದುವುದು ಇದು. ಡೆಕತ್ಲಾನ್‌ನಂಥ ಕ್ರೀಡಾ ಮಳಿಗೆಗಳಲ್ಲಿ ಸುಮಾರು 600ರಿಂದ 1,800 ರೂಪಾಯಿಯ ಒಳಗೆ ಒಳ್ಳೆಯವು ದೊರೆಯುತ್ತವೆ, ವರ್ಗದ ಸಂಖ್ಯೆ ಬೆಲೆಚೀಟಿಯ ಪಕ್ಕದಲ್ಲೇ ಬರೆದಿರುತ್ತದೆ. ಮೂಗಿನ ಮೇಲೆ ರಬ್ಬರಿನ ಹಿಡಿತ, ಕಿವಿಯ ಹಿಂದೆ ಬಾಗುವ ಕಡ್ಡಿ, ಹಗುರ ತೂಕ ಇರುವುದರಿಂದ ಏರುದಾರಿಯಲ್ಲಿ ಬೆವರಿದಾಗಲೂ ಜಾರುವುದಿಲ್ಲ, ಗಾಳಿಯಾಡುವುದರಿಂದ ಹಬೆಯೂ ಬೇಗ ಆರುತ್ತದೆ. ಪಾದಯಾತ್ರೆಯಂತೆ ನಿಧಾನವಾಗಿ ದೇಹ ಕಾಯುತ್ತಾ ಹೋಗುವ ಚಟುವಟಿಕೆಗೆ ಈ ಗಾಳಿಯಾಟ ದೊಡ್ಡ ಅನುಕೂಲ. ಹಿಮಗಾಳಿ ಬೀಸಿದಾಗ ಅದೇ ಅನನುಕೂಲವಾಗುತ್ತದೆ: ಸಂದಿಯಿಂದ ಹಿಮದ ಪುಡಿ ಒಳಗೆ ನುಗ್ಗುತ್ತದೆ.

ಪೋಲರೈಸ್ಡ್ ಲೆನ್ಸಿಗಾಗಿ ಐನೂರು, ಸಾವಿರ ಹೆಚ್ಚು ಕೊಡಬೇಕೇ ಎಂಬುದು ಪದೇ ಪದೇ ಕೇಳಿಬರುವ ಪ್ರಶ್ನೆ. ನುಣುಪಾದ ಮೇಲ್ಮೈಯಿಂದ ಚಿಮ್ಮುವ ಕಣ್ಣುಕೋರೈಸುವ ಪ್ರತಿಫಲನವನ್ನು ಅದು ಕಡಿಮೆ ಮಾಡುತ್ತದೆ, ಕಣ್ಣಿಗೆ ಹಿತವೆನಿಸುತ್ತದೆ. ಆದರೆ ಪೋಲರೈಸ್ಡ್ ಎಂಬ ಮಾತ್ರಕ್ಕೆ ಯುವಿ ತಡೆ ಸಿಕ್ಕಿತೆಂದು ಅರ್ಥವಲ್ಲ, ಅದನ್ನು ಬೇರೆಯಾಗಿಯೇ ನೋಡಬೇಕು. ಇನ್ನೂ ಒಂದು ಸಂಗತಿಯಿದೆ. ಹಿಮ ಕರಗಿ ಮತ್ತೆ ಗಡ್ಡೆಕಟ್ಟಿದ ಜಾರುವ ಜಾಗ ತನ್ನ ಹೊಳಪಿನಿಂದಲೇ ನಮ್ಮನ್ನು ಎಚ್ಚರಿಸುತ್ತದೆ. ಪೋಲರೈಸ್ಡ್ ಲೆನ್ಸು ಆ ಹೊಳಪನ್ನೇ ಅಳಿಸಿದರೆ ಗಟ್ಟಿ ಮಂಜುಗಡ್ಡೆ ಎಲ್ಲಿದೆ ಎಂದು ಗುರುತಿಸುವುದು ಕಷ್ಟವಾಗಬಹುದು. ಕೆಲವು ಕೋನಗಳಲ್ಲಿ ಮೊಬೈಲ್ ಮತ್ತು ಜಿಪಿಎಸ್ ಪರದೆಗಳೂ ಕಪ್ಪಾಗಿ ಕಾಣುತ್ತವೆ. ಲಡಾಖಿನಲ್ಲಿ ಹೆಪ್ಪುಗಟ್ಟಿದ ಝನ್‌ಸ್ಕಾರ್ ನದಿಯ ಮೇಲೆ ನಡೆಯುವ ಚಾದರ್ ಚಾರಣದಂಥ ಕಡೆ, ಹೆಜ್ಜೆಹೆಜ್ಜೆಗೂ ಗಡ್ಡೆಯ ಗುಣವನ್ನು ನೋಡಿಕೊಂಡು ಕಾಲಿಡಬೇಕಾದ್ದರಿಂದ, ಸಾದಾ 3ನೇ ವರ್ಗದ ಲೆನ್ಸೇ ನನಗೆ ಮೇಲೆನಿಸುತ್ತದೆ. ಆ ಹಣವನ್ನು ಉತ್ತಮ ಮುಚ್ಚುವಿಕೆಗೆ ಕೊಡುವುದು ಲೇಸು.

4ನೇ ವರ್ಗ, ಪಕ್ಕದ ಮರೆಯೊಂದಿಗೆ

ಪರ್ವತಾರೋಹಿಗಳು ಬಳಸುವ, ಪಕ್ಕದಲ್ಲಿ ಚರ್ಮದ ಅಥವಾ ರಬ್ಬರಿನ ಮರೆ ಇರುವ ಕನ್ನಡಕಗಳಿವು. ಸುಮಾರು 1,500ರಿಂದ 4,000 ರೂಪಾಯಿಯವರೆಗೆ ಆಗುತ್ತದೆ; ಹೆಸರಾಂತ ವಿದೇಶಿ ಬ್ರ್ಯಾಂಡುಗಳು ಇದರ ಹಲವು ಪಟ್ಟು. 5,000 ಮೀಟರ್‌ಗಿಂತ ಮೇಲೆ ಹಿಮನದಿಯ ಮೇಲೆ ದಿನವಿಡೀ ಇರುವವರಿಗೆ ಇದು ಅವಶ್ಯಕ. ಕೇದಾರಕಂಠ, ಬ್ರಹ್ಮತಾಲ್‌ಗಳಿಗೆ ಇದು ಅವಶ್ಯಕವಲ್ಲ, ಆದರೆ ಬೆಳಕಿಗೆ ಕಣ್ಣು ಬೇಗ ದಣಿಯುವವರು, ಬೆಳಕಿನಿಂದ ಅರೆತಲೆನೋವು ಬರುವವರು ತೆಗೆದುಕೊಂಡರೆ ಹಣ ವ್ಯರ್ಥವಾಗುವುದಿಲ್ಲ. ಈ ಚಾರಣಗಳ ದಾರಿ ಓಕ್, ಪೈನ್ ಕಾಡುಗಳ ನಡುವೆಯೂ ಸಾಗುತ್ತದೆ. ಆ ನೆರಳಿನಲ್ಲಿ 4ನೇ ವರ್ಗದ ಲೆನ್ಸಿನಿಂದ ಬೇರು, ಕಲ್ಲುಗಳು ಸರಿಯಾಗಿ ಕಾಣದೆ ಪದೇ ಪದೇ ತೆಗೆದು ಹಾಕಬೇಕಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಬಿಸಿಲಿಗೆ ತಾನೇ ಕಪ್ಪಾಗುವ ಫೋಟೋಕ್ರೋಮಿಕ್ ಲೆನ್ಸು ಈ ತೊಂದರೆಗೆ ಪರಿಹಾರದಂತೆ ತೋರುತ್ತದೆ. ಚಳಿಯಲ್ಲಿ ಅದು ಊರಿನಲ್ಲಿಗಿಂತ ಹೆಚ್ಚು ಕಪ್ಪಾಗುತ್ತದೆ, ಅದು ಒಳ್ಳೆಯದೇ. ಆದರೆ ಮತ್ತೆ ತಿಳಿಯಾಗಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಬೆಲೆಯೂ ಹೆಚ್ಚು. ಮಿತ ಬಜೆಟ್ಟಿನವರು ಇದನ್ನು ಬಿಟ್ಟುಬಿಡಬಹುದು, ಪವರ್ ಕನ್ನಡಕದವರ ವಿಷಯ ಬೇರೆ. ಅದಕ್ಕೆ ಮುಂದೆ ಬರುತ್ತೇನೆ.

ಸ್ಕೀ ಗಾಗಲ್ಸ್

ಸ್ಕೀಯಿಂಗ್ ಅಥವಾ ಸ್ನೋಬೋರ್ಡಿಂಗ್ ಮಾಡುವವರಿಗೆ ಇದಕ್ಕೆ ಬದಲಿ ಇಲ್ಲ. ವೇಗದಲ್ಲಿ ಎದುರುಗಾಳಿ ಕಣ್ಣಿಗೆ ನೀರು ತರಿಸುತ್ತದೆ, ಬಿದ್ದಾಗ ಸಾದಾ ಕನ್ನಡಕದ ಕಡ್ಡಿ ಮುಖಕ್ಕೆ ಚುಚ್ಚಬಹುದು, ಹೆಲ್ಮೆಟ್ಟಿನೊಂದಿಗೆ ಅದು ಕೂರುವುದೂ ಇಲ್ಲ. ಗಾಗಲ್ಸ್ ಸ್ಪಂಜಿನ ಅಂಚಿನಿಂದ ಮುಖಕ್ಕೆ ಪೂರ್ತಿ ಅಂಟಿಕೊಳ್ಳುವುದರಿಂದ ಮುಚ್ಚುವಿಕೆಯಲ್ಲಿ ಎಲ್ಲಕ್ಕಿಂತ ಮೇಲು. ಸರಳ ಮಾದರಿಗಳು ಸುಮಾರು 1,200–3,000 ರೂಪಾಯಿಗೆ ದೊರೆಯುತ್ತವೆ.

ಕೊಳ್ಳುವಾಗ ಎರಡು ಪದರಗಳ ಲೆನ್ಸು ಇರುವುದನ್ನೇ ಕೊಳ್ಳಬೇಕು. ಮುಖದ ಬಿಸಿಯುಸಿರು ತಣ್ಣನೆಯ ಲೆನ್ಸಿಗೆ ತಾಗಿ ಹನಿಗಟ್ಟುವುದೇ ಹಬೆ. ಎರಡು ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ ಒಳಪದರವನ್ನು ಅಷ್ಟು ತಣ್ಣಗಾಗಲು ಬಿಡುವುದಿಲ್ಲ. ಒಂದೇ ಪದರದ ಅಗ್ಗದ ಗಾಗಲ್ಸ್, ಬೈಕ್ ಸವಾರರಿಗೆಂದು ಮಾಡಿದ ಗಾಗಲ್ಸ್ ಹಿಮದಲ್ಲಿ ಬಹುಬೇಗ ಮಬ್ಬಾಗುತ್ತವೆ. ಗಾಗಲ್ಸ್‌ಗಳಲ್ಲಿ ವರ್ಗವನ್ನು ‘ಎಸ್1’, ‘ಎಸ್2’, ‘ಎಸ್3’ ಎಂದು ಬರೆದಿರುತ್ತಾರೆ. ಮೋಡ ಕವಿದು ನೆಲ, ಆಕಾಶ ಎರಡೂ ಒಂದೇ ಬಿಳುಪಾದಾಗ ಉಬ್ಬುತಗ್ಗು ತಿಳಿಯಲು ಹಳದಿ, ಕಿತ್ತಳೆ ಅಥವಾ ಗುಲಾಬಿ ಛಾಯೆಯ ಎಸ್1 ಲೆನ್ಸು ನೆರವಾಗುತ್ತದೆ. ಪ್ರಖರ ಬಿಸಿಲಿಗೆ ಎಸ್3 ಬೇಕು. ಒಂದನ್ನೇ ಕೊಳ್ಳುವ ಕಲಿಕೆಯವರಿಗೆ ಎಸ್2 ಮಧ್ಯದ ದಾರಿ. ಗುಲ್ಮಾರ್ಗ್‌ನ ಗೊಂಡೊಲಾದಲ್ಲಿ (ಕೇಬಲ್ ಕಾರಿನಲ್ಲಿ) ಕುಳಿತು 3,900 ಮೀಟರ್‌ಗಳ ಆಸುಪಾಸಿನ ಅಫರ್ವತ್ ಇಳಿಜಾರಿಗೆ ಹೋಗುವವರು ಎಸ್3 ನೋಡುವುದು ಉತ್ತಮ.

ಚಾರಣಿಗರಿಗೆ ಮಾತ್ರ ಗಾಗಲ್ಸ್ ಮುಖ್ಯ ಕನ್ನಡಕವಾಗಲಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಏರುದಾರಿಯಲ್ಲಿ ಮೈ ಕಾದು ಬೆವರು ಇಳಿಯುವಾಗ ಒಳಗೆ ಹಬೆ ತುಂಬುತ್ತದೆ, ಕಿರಿಕಿರಿಯೆಂದು ಹಣೆಯ ಮೇಲಿನ ಒದ್ದೆ ಟೋಪಿಗೆ ಏರಿಸುತ್ತಾರೆ, ಆ ತೇವ ಸ್ಪಂಜಿಗೆ ಇಳಿದು ಮತ್ತೆ ಹಾಕಿದಾಗ ಏನೂ ಕಾಣದಂತಾಗುತ್ತದೆ, ಕೊನೆಗೆ ಬರಿಗಣ್ಣಿನಲ್ಲೇ ನಡೆಯುತ್ತಾರೆ. ಹಿಮ ಸುರಿಯುವಾಗ, ತುದಿಯ ಬಯಲಿನಲ್ಲಿ ಗಾಳಿ ಬೀಸುವಾಗ ಹಾಕಲು ಎರಡನೆಯದಾಗಿ ಇದ್ದರೆ ಅದರ ಬೆಲೆ ತಿಳಿಯುತ್ತದೆ.

ಪವರ್ ಕನ್ನಡಕ ಹಾಕುವವರಿಗೆ

ಮೇಲಿನ ಹೋಲಿಕೆಯೆಲ್ಲ ಬರಿಗಣ್ಣಿನಲ್ಲಿ ಚೆನ್ನಾಗಿ ಕಾಣುವವರಿಗೆ ಸುಲಭ. ಉಳಿದವರ ಮುಂದೆ ಐದು ದಾರಿಗಳಿವೆ, ಯಾವುದೂ ಪರಿಪೂರ್ಣವಲ್ಲ.

ಈಗಿರುವ ಕನ್ನಡಕದ ಮೇಲೆಯೇ ಹಾಕಿಕೊಳ್ಳುವ ದೊಡ್ಡ ಚೌಕಟ್ಟಿನ ‘ಫಿಟ್ ಓವರ್’ ಕನ್ನಡಕ ಇವುಗಳಲ್ಲಿ ಅತಿ ಕಡಿಮೆ ಖರ್ಚಿನದು. ಪಕ್ಕ ಮತ್ತು ಮೇಲ್ಭಾಗವೂ ಮುಚ್ಚುತ್ತದೆ. ಎರಡು ಲೆನ್ಸುಗಳ ನಡುವೆ ಹಬೆ ಕಟ್ಟುವುದು, ಕಿವಿಯ ಹಿಂದೆ ಎರಡು ಕಡ್ಡಿ ಮತ್ತು ಟೋಪಿ ಸೇರಿ ಒತ್ತುವುದು ಇದರ ತೊಂದರೆ. ಅಂಗಡಿಗೆ ನಿಮ್ಮದೇ ಕನ್ನಡಕ ಮತ್ತು ಚಾರಣಕ್ಕೆ ಒಯ್ಯುವ ಉಣ್ಣೆ ಟೋಪಿ ಎರಡನ್ನೂ ಹಾಕಿಕೊಂಡೇ ಹೋಗಿ ನೋಡಿ. ಹತ್ತು ನಿಮಿಷ ಹಾಗೇ ಓಡಾಡಿದರೆ ಒತ್ತುವುದು ಗೊತ್ತಾಗುತ್ತದೆ. ಮೇಲೆ ಸಿಕ್ಕಿಸುವ ಕ್ಲಿಪ್ ಲೆನ್ಸು ಅಗ್ಗವೂ ಹಗುರವೂ ಆಗಿದ್ದರೂ ಪಕ್ಕದಿಂದ, ಕೆಳಗಿನಿಂದ ಬರುವ ಬೆಳಕನ್ನು ತಡೆಯುವುದಿಲ್ಲವಾದ್ದರಿಂದ ಹಿಮಕ್ಕೆ ಸಾಲದು.

ಎರಡು ಮೂರು ವರ್ಷಕ್ಕೊಮ್ಮೆಯಾದರೂ ಹಿಮಾಲಯಕ್ಕೆ ಹೋಗುವವರು ಪವರ್ ಇರುವ ಕಪ್ಪು ಕನ್ನಡಕವನ್ನೇ ಮಾಡಿಸುವುದು ದೀರ್ಘಾವಧಿಯಲ್ಲಿ ಲಾಭ. ನಿಮ್ಮೂರಿನ ಆಪ್ಟಿಷಿಯನ್ ಬಳಿ ಪಾಲಿಕಾರ್ಬನೇಟ್ ಲೆನ್ಸಿಗೆ 3ನೇ ವರ್ಗದ ಕಪ್ಪು ಬಣ್ಣ ಹಾಕಿಸಿ, ದೊಡ್ಡದಾದ, ಮುಖಕ್ಕೆ ಹತ್ತಿರ ಕೂರುವ ಚೌಕಟ್ಟು ಆರಿಸಿಕೊಳ್ಳಿ. ಪವರ್ ಹೆಚ್ಚಿದ್ದರೆ ಹೆಚ್ಚು ಬಾಗಿದ ಚೌಕಟ್ಟು ಹೊಂದುವುದಿಲ್ಲ. ಆಗ ಸೇಫ್ಟಿ ಅಂಗಡಿಯಲ್ಲಿ ಕಡ್ಡಿಗೆ ತೂರಿಸುವ ಪಕ್ಕದ ಮರೆಗಳು ಕಡಿಮೆ ಬೆಲೆಗೆ ಸಿಗುತ್ತವೆ. ಅವು ಬಣ್ಣವಿಲ್ಲದ್ದಾದರೆ ಪ್ರಖರತೆಯನ್ನು ಕಡಿಮೆ ಮಾಡುವುದಿಲ್ಲ, ಕಪ್ಪು ಇದ್ದರೆ ಅದನ್ನೇ ಕೇಳಿ. ಈಗಾಗಲೇ ಫೋಟೋಕ್ರೋಮಿಕ್ ಪವರ್ ಲೆನ್ಸು ಬಳಸುತ್ತಿರುವವರಿಗೆ ಹೊಸದೇನೂ ಕೊಳ್ಳದೆ ಈ ಮರೆಗಳನ್ನಷ್ಟೇ ಸೇರಿಸಿಕೊಳ್ಳುವುದು ತೀರಾ ಮಿತವ್ಯಯದ ದಾರಿ. ತಮ್ಮ ಲೆನ್ಸು ಪೂರ್ತಿ ಕಪ್ಪಾದಾಗ ಎಷ್ಟನೇ ವರ್ಗಕ್ಕೆ ಬರುತ್ತದೆ ಎಂಬುದನ್ನು ಮಾಡಿಸಿದ ಅಂಗಡಿಯಲ್ಲಿ ಕೇಳಿಕೊಂಡರಾಯಿತು.

ಸ್ಕೀಯಿಂಗ್‌ಗೆ ಹೋಗುವವರು ಕನ್ನಡಕದ ಮೇಲೆ ಹಾಕಲೆಂದೇ ಆಳವಾಗಿ ಮಾಡಿದ, ಪಕ್ಕದಲ್ಲಿ ಕಡ್ಡಿಗೆ ಜಾಗ ಬಿಟ್ಟ ‘ಓಟಿಜಿ’ ಗಾಗಲ್ಸ್ ಕೇಳಬೇಕು. ಐದನೆಯ ದಾರಿ ಕಾಂಟ್ಯಾಕ್ಟ್ ಲೆನ್ಸ್. ಅದನ್ನು ಹಾಕಿಕೊಂಡರೆ ಯಾವ ಕನ್ನಡಕವನ್ನೂ ಆರಿಸಬಹುದು, ಹಬೆಯ ರಗಳೆಯೂ ಅರ್ಧ ಕಡಿಮೆಯಾಗುತ್ತದೆ. ಆದರೆ ಕೈತೊಳೆಯಲು ನೀರೇ ಹೆಪ್ಪುಗಟ್ಟಿರುವ ಟೆಂಟಿನಲ್ಲಿ ಬೆರಳನ್ನು ಕಣ್ಣಿಗೆ ತಾಗಿಸುವುದು ಸೋಂಕಿಗೆ ಆಹ್ವಾನ. ಒಂದು ದಿನ ಬಳಸಿ ಬಿಸಾಡುವ ಲೆನ್ಸುಗಳನ್ನಷ್ಟೇ ಒಯ್ಯಬೇಕು, ದ್ರಾವಣ ಮತ್ತು ಲೆನ್ಸುಗಳನ್ನು ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಬೇಕು, ಹಾಕಿಕೊಂಡು ಮಲಗಲೇಬಾರದು. ಮೊದಲ ಬಾರಿಗೆ ಚಾರಣದಲ್ಲೇ ಅದನ್ನು ಪ್ರಯತ್ನಿಸುವುದು ಬೇಡ. ಯುವಿ ತಡೆಯುವ ಕಾಂಟ್ಯಾಕ್ಟ್ ಲೆನ್ಸು ಕೂಡ ಕಣ್ಣನ್ನು ಪೂರ್ತಿ ಮುಚ್ಚುವುದಿಲ್ಲವಾದ್ದರಿಂದ ಮೇಲೆ ಕಪ್ಪು ಕನ್ನಡಕ ಇರಲೇಬೇಕು. ಯಾವ ದಾರಿ ಹಿಡಿದರೂ ಹಳೆಯ ಪವರ್ ಕನ್ನಡಕವೊಂದನ್ನು ಚೀಲದಲ್ಲಿ ಇಟ್ಟುಕೊಳ್ಳಿ.

ಮಕ್ಕಳಿಗೆ ಮತ್ತು ಬಾಡಿಗೆಗೆ

ಮಕ್ಕಳ ಕಣ್ಣಿನ ಮಸೂರ ದೊಡ್ಡವರದಕ್ಕಿಂತ ತಿಳಿಯಾಗಿರುವುದರಿಂದ ನೇರಳಾತೀತ ಕಿರಣಗಳು ಇನ್ನಷ್ಟು ಒಳಗೆ ತಲುಪುತ್ತವೆ. ಆದರೂ ಮಕ್ಕಳಿಗೆ ಜಾತ್ರೆಯ ಆಟಿಕೆ ಕನ್ನಡಕ ಕೊಡಿಸಿ ಸುಮ್ಮನಾಗುವುದನ್ನು ನೋಡಿದರೆ ಸಂಕಟವಾಗುತ್ತದೆ. ಮಕ್ಕಳ ಅಳತೆಯ 3ನೇ ವರ್ಗದ ಕನ್ನಡಕವನ್ನು ಹಿಂದಿನಿಂದ ಕಟ್ಟುವ ಪಟ್ಟಿಯೊಂದಿಗೆ ಕೊಳ್ಳಿ. ದೊಡ್ಡವರದ್ದನ್ನು ಹಾಕಿದರೆ ಸಂದಿಗಳೇ ಹೆಚ್ಚು.

ಸಾಂಕ್ರಿ, ಸೋಲಂಗ್, ಗುಲ್ಮಾರ್ಗ್‌ಗಳಲ್ಲಿ ಎಲ್ಲ ಸಾಮಾನೂ ಬಾಡಿಗೆಗೆ ಸಿಗುತ್ತದೆ. ಬೂಟು, ಜಾಕೆಟ್ಟುಗಳನ್ನು ಬಾಡಿಗೆಗೆ ಪಡೆಯುವುದು ಜಾಣತನವೇ. ಕನ್ನಡಕ, ಗಾಗಲ್ಸ್‌ಗಳ ವಿಷಯದಲ್ಲಿ ಮಾತ್ರ ನಾನು ಅದನ್ನು ಒಪ್ಪುವುದಿಲ್ಲ: ಗುರುತುಗಳು ಅಳಿಸಿರುತ್ತವೆ, ಒಳಬದಿಯ ಹಬೆನಿರೋಧಕ ಲೇಪ ಉಜ್ಜಿ ಹೋಗಿರುತ್ತದೆ, ಹಲವರ ಬೆವರು ಕುಡಿದ ಸ್ಪಂಜು ನಿಮ್ಮ ಕಣ್ಣಿನ ಸುತ್ತ ಕೂರುತ್ತದೆ. ಕೆಲವು ಬಾರಿಯ ಬಾಡಿಗೆಯಲ್ಲೇ ಸ್ವಂತದ್ದೊಂದು ಬರುತ್ತದೆ.

ಹಣಕ್ಕೆ ತಕ್ಕಂತೆ

ಕೈಯಲ್ಲಿ 500 ರೂಪಾಯಿ ಇದ್ದು ಒಮ್ಮೆ ಮಾತ್ರ ಚಾರಣಕ್ಕೆ ಹೋಗುವವರಾದರೆ ಗುರುತಿರುವ ಹೊಗೆಬಣ್ಣದ ಸೇಫ್ಟಿ ಕನ್ನಡಕ, ಅದಕ್ಕೊಂದು ಪಟ್ಟಿ; ಇಷ್ಟು ಸಾಕು. 1,000ದಿಂದ 1,500 ಕೊಡಬಹುದಾದವರು ಬಾಗಿದ 3ನೇ ವರ್ಗದ ಸ್ಪೋರ್ಟ್ಸ್ ಕನ್ನಡಕ ಕೊಳ್ಳಲಿ, ಊರಿನಲ್ಲಿ ಬೈಕ್ ಸವಾರಿಗೂ ಬರುತ್ತದೆ. 3,000ದವರೆಗೆ ಇದ್ದರೆ ಒಂದೇ ದುಬಾರಿ ಕನ್ನಡಕಕ್ಕಿಂತ 3ನೇ ವರ್ಗದ್ದೊಂದು ಮತ್ತು ಎರಡು ಪದರದ ಎಸ್1 ಅಥವಾ ಎಸ್2 ಗಾಗಲ್ಸ್ ಒಂದು ಸೇರಿದ ಜೋಡಿ ಹೆಚ್ಚು ಸನ್ನಿವೇಶಗಳಿಗೆ ಒದಗುತ್ತದೆ. ಬೆಳಕಿಗೆ ಕಣ್ಣು ಸೂಕ್ಷ್ಮವಿರುವವರು ಮಾತ್ರ ಈ ಹಣವನ್ನು 4ನೇ ವರ್ಗಕ್ಕೆ ಹಾಕಲಿ. ಸ್ಕೀಯಿಂಗ್ ಕಲಿಕೆಗೆ ಹೋಗುವವರು ಗಾಗಲ್ಸ್ ಮೊದಲು ಕೊಂಡು, ಉಳಿದ ಹಣದಲ್ಲಿ ಕನ್ನಡಕ ನೋಡಬೇಕು. ಪವರ್ ಇರುವವರು ಮೊದಲ ಚಾರಣಕ್ಕೆ ಫಿಟ್ ಓವರ್‌ನಿಂದ ಆರಂಭಿಸಿ, ಹಿಮಾಲಯದ ಸೆಳೆತ ಮುಂದುವರಿದರೆ ಮುಂದಿನ ವರ್ಷ ಪವರ್ ಇರುವ ಕಪ್ಪು ಕನ್ನಡಕ ಮಾಡಿಸಬಹುದು.

ಕೊಂಡದ್ದರ ಯುವಿ ತಡೆಯನ್ನು ಪರೀಕ್ಷಿಸಲು ಆಪ್ಟಿಷಿಯನ್ ಬಳಿ ಹೋಗುವುದೇ ಸರಿ. ಹಲವು ಅಂಗಡಿಗಳಲ್ಲಿ ಲೆನ್ಸನ್ನು ಇಟ್ಟರೆ ಎಷ್ಟು ಕಿರಣ ಹಾಯುತ್ತದೆಂದು ತೋರಿಸುವ ಚಿಕ್ಕ ಮೀಟರ್ ಇರುತ್ತದೆ. ಅಗ್ಗದ ಯುವಿ ಟಾರ್ಚಿನ ಬೆಳಕನ್ನು ಲೆನ್ಸಿನ ಮೂಲಕ ನೋಟಿನ ಮೇಲೆ ಬಿಟ್ಟು, ಹೊಳೆಯುವ ಸಂಖ್ಯೆ ಮಾಯವಾಗುತ್ತದೆಯೇ ಎಂದು ನೋಡುವ ಮನೆಪರೀಕ್ಷೆ ನಂಬಲರ್ಹವಲ್ಲ. ಅಂಥ ಟಾರ್ಚುಗಳು ಹೆಚ್ಚಾಗಿ 395 ನ್ಯಾನೋಮೀಟರ್ ಸುಮಾರಿನವು, ಅವುಗಳ ಬೆಳಕು 400ರ ಆಚೆಗೂ ಹರಡಿರುವುದರಿಂದ ಒಳ್ಳೆಯ ಲೆನ್ಸು ಕೂಡ ಸೋತಂತೆ ಕಾಣಬಹುದು.

ಹಿಮದ ಮೇಲೆ

ಶಿಖರದ ದಿನ ನಡಿಗೆ ಬೆಳಗಿನ ಜಾವ 3–4 ಗಂಟೆಗೆ, ತಲೆಗೆ ಕಟ್ಟಿದ ಟಾರ್ಚಿನ ಬೆಳಕಿನಲ್ಲಿ ಆರಂಭವಾಗುತ್ತದೆ. ಆಗ ಕನ್ನಡಕವನ್ನು ಚೀಲದ ತಳಕ್ಕೆ ಹಾಕದೆ ಜಾಕೆಟ್ಟಿನ ಒಳಜೇಬಿನಲ್ಲಿ ಇಟ್ಟುಕೊಂಡರೆ ಲೆನ್ಸು ತಣ್ಣಗಾಗುವುದಿಲ್ಲ, ಹಾಕಿದ ಕೂಡಲೇ ಹಬೆಯೂ ಕಟ್ಟುವುದಿಲ್ಲ. ಸೂರ್ಯನ ಬೆಳಕು ಇಳಿಜಾರಿಗೆ ತಾಗಿದ ಕ್ಷಣ ಹಾಕಿಕೊಳ್ಳಿ. ಮೂಗಿನ ಮೇಲೆ ಎಳೆದುಕೊಂಡ ಬಫ್ (ಕುತ್ತಿಗೆಗೆ ಹಾಕುವ ಕೊಳವೆಯಂಥ ಬಟ್ಟೆ) ಉಸಿರನ್ನು ನೇರ ಲೆನ್ಸಿಗೆ ಕಳಿಸುತ್ತದೆ, ಅದನ್ನು ಮೂಗಿನ ಕೆಳಗೆ ಇಳಿಸಿಕೊಳ್ಳಿ. ಗಾಗಲ್ಸಿನ ಒಳಬದಿಯನ್ನು ಉಜ್ಜಬೇಡಿ. ಹಿಮ ಹೊಕ್ಕಿದ್ದರೆ ಕೊಡವಿ, ಮೆತ್ತನೆಯ ಬಟ್ಟೆಯಿಂದ ಒತ್ತಿ ಒಣಗಿಸಿ. ತಂಡಕ್ಕೊಂದು ಹೆಚ್ಚುವರಿ ಕನ್ನಡಕ ಇರಲಿ, ಏಕೆಂದರೆ ಇಳಿಜಾರಿನಲ್ಲಿ ಕೈಜಾರಿದ ಕನ್ನಡಕ ಮತ್ತೆ ಸಿಗುವುದಿಲ್ಲ.

ಅದೂ ಇಲ್ಲದಾದರೆ ರಟ್ಟಿನ ತುಂಡಿನಲ್ಲಿ ಎರಡು ಸಣ್ಣ ಅಡ್ಡಸೀಳು ಕೊಯ್ದು ಕಣ್ಣಿಗೆ ಕಟ್ಟಿಕೊಂಡು ಕೆಳಗಿಳಿಯಬಹುದು. ಉತ್ತರ ಧ್ರುವ ಪ್ರದೇಶದ ಇನ್ಯುಟ್ ಜನ ಮೂಳೆ, ಮರ, ದಂತಗಳಲ್ಲಿ ಇಂಥ ಸೀಳುಗಣ್ಣಿನ ಮರೆಗಳನ್ನು ಶತಮಾನಗಳಿಂದ ಮಾಡಿಕೊಂಡು ಬಂದಿದ್ದಾರೆ. ಸೀಳು ಕಿರಿದಾದಷ್ಟೂ ಒಳಬರುವ ಬೆಳಕು ಕಡಿಮೆ.

ಇಷ್ಟಾಗಿಯೂ ಸಂಜೆ ಕಣ್ಣು ಚುಚ್ಚಲು ಶುರುವಾದರೆ ಉಜ್ಜಬಾರದು. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆದು, ಕತ್ತಲಲ್ಲಿ ಕಣ್ಣು ಮುಚ್ಚಿ ಮಲಗಿ, ಮೇಲೆ ತಣ್ಣನೆಯ ಒದ್ದೆ ಬಟ್ಟೆ ಇಟ್ಟುಕೊಂಡು, ಕಣ್ಣೀರಿನಂತೆ ತೇವ ಕೊಡುವ ಹನಿಮದ್ದು ಇದ್ದರೆ ಹಾಕಿಕೊಳ್ಳಬಹುದು. ಮರಗಟ್ಟಿಸುವ ಹನಿಮದ್ದನ್ನು ವೈದ್ಯರಿಲ್ಲದೆ ಪದೇ ಪದೇ ಹಾಕುವುದು ಕಾರ್ನಿಯಾಗೆ ಹಾನಿ ಮಾಡುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ದಿನಗಳಲ್ಲಿ ತಾನಾಗಿ ಗುಣವಾಗುತ್ತದೆ. ಆವರೆಗೆ ಹಿಮದ ಮೇಲೆ ಮುಂದೆ ಸಾಗದೆ, ಮಾರ್ಗದರ್ಶಿಗೆ ತಿಳಿಸಿ, ಯಾರಾದರೂ ಕೈಹಿಡಿದು ಕೆಳಗೆ ಕರೆತರುವಂತೆ ಮಾಡಿಕೊಳ್ಳಬೇಕು. ನೋವು ಹೆಚ್ಚುತ್ತಾ ಹೋದರೆ, ಕೀವು ಕಂಡರೆ ಅಥವಾ ಮೂರನೆಯ ದಿನವೂ ದೃಷ್ಟಿ ಮಸುಕಾಗಿಯೇ ಇದ್ದರೆ ಡೆಹ್ರಾಡೂನ್ ತಲುಪಿದ ಕೂಡಲೇ ಕಣ್ಣಿನ ವೈದ್ಯರನ್ನು ಕಾಣಿ, ಊರಿಗೆ ಮರಳುವವರೆಗೆ ಕಾಯಬೇಡಿ.